ವಿಷಯ: ‘ಫೇರ್ ಟ್ರೇಡ್’ ಕಾಫಿಗೆ ಕನ್ನಡ ಪದ ಬೇಕು (ಇವತ್ತೇ)

ಗೆಳೆಯರೇ, ಕಾಫಿ ಪೊಟ್ಟಣದ ಬರಹ ಅನುವಾದಿಸುತ್ತಿದ್ದೇನೆ, ನಾಳೆ ಬೆಳಗ್ಗೆ ಅಚ್ಚಿಗೆ. ‘ನ್ಯಾಯಯುತ ವ್ಯಾಪಾರ’ ಅಂತ ಹಾಕಿದರೆ ಫೇರ್ ಟ್ರೇಡ್ ಮುದ್ರೆಯ ಪಕ್ಕದ ಜಾಗದಲ್ಲಿ ಹಿಡಿಸುವುದಿಲ್ಲ. ‘ನ್ಯಾಯಬೆಲೆ ಕಾಫಿ’ ನಡೆಯುತ್ತಾ? ‘ಪ್ರೀಮಿಯಂ’ಗೂ ಒಂದು ಪದ ಕೊಡಿ.

—

> ನ್ಯಾಯಬೆಲೆ ಕಾಫಿ

ಬೇಡ. ಓದಿದವರಿಗೆ ರೇಷನ್ ಅಂಗಡಿ ನೆನಪಾಗುತ್ತದೆ. ನ್ಯಾಯಬೆಲೆ ಕೊಳ್ಳುವವರ ಕಡೆಯ ಮಾತು, ಅಗ್ಗ ಅಂತಲೇ ಅರ್ಥ. ಫೇರ್ ಟ್ರೇಡ್ ಅದರ ಉಲ್ಟಾ: ಪೇಟೆ ದರ ಎಷ್ಟೇ ಬಿದ್ದರೂ ಬೆಳೆಗಾರರ ಸಹಕಾರ ಸಂಘಕ್ಕೆ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ. ವಾಷ್ಡ್ ಅರೇಬಿಕಾಗೆ (ತೊಳೆದು ಸಂಸ್ಕರಿಸಿದ ಅರೇಬಿಕಾ ಕಾಫಿ) ಈ ಕನಿಷ್ಠ ದರ ಪೌಂಡಿಗೆ 1.40 ಡಾಲರ್ ಇತ್ತು, 2023ರಲ್ಲಿ 1.80 ಆಯಿತು. ಪೇಟೆ ದರ ಅದಕ್ಕಿಂತ ಮೇಲಿದ್ದರೆ ಪೇಟೆ ದರವೇ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ (ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನೋ ಮಿತಿ) ಮುರಿದು ದರ ನೆಲಕಚ್ಚಿತಲ್ಲ, ಅಂಥ ದಿನಗಳಿಗೆ ಇರುವ ಆಸರೆ ಇದು.

—

ನ್ಯಾಯವೂ ಸಂಸ್ಕೃತ, ವ್ಯಾಪಾರವೂ ಸಂಸ್ಕೃತ. ಹಳ್ಳಿ ಕಡೆ ನ್ಯಾಯ ಅಂದರೆ ಜಗಳ ಬೇರೆ. ವ್ಯಾಪಾರಕ್ಕೆ ಹಳಗನ್ನಡದ ‘ಪರದು’ ಇರುವಾಗ ‘ಸರಿಹರದು’ ಅನ್ನೋಕೆ ಏನು ಕಷ್ಟ? ಇಲ್ಲವೇ ‘ಬೆಳೆಬೆಲೆ’. ಬೆಲೆ ಹುಟ್ಟಿದ್ದೇ ಬೆಳೆಯಿಂದ, ಅಲ್ವಾ?

—

ಅಲ್ಲ. ತಮಿಳಿನಲ್ಲಿ ವಿಲೈ (ಬೆಲೆ) ಬೇರೆ, ವಿಳೈ (ಬೆಳೆ) ಬೇರೆ. ಬೆಲೆಯ ನಂಟು ‘ವಿಲ್’ ಜೊತೆ, ಅಂದರೆ ಮಾರು. ಲ-ಳ ಕಲಸಿ ಸುಮ್ನೆ ಕತೆ ಕಟ್ಟಬೇಡಿ. ‘ಸರಿಹರದು’ ಅಂತ ಅಚ್ಚಾದರೆ ಜನ ‘ಸರಿ, ಹರಿದು’ ಅಂತ ಓದಿ ಪೊಟ್ಟಣವನ್ನೇ ಹರಿಯುತ್ತಾರೆ. ಕಾಫಿಯೇ ಅರಬ್ಬಿಯ ಕಹ್ವಾದಿಂದ ಬಂದಿದ್ದು, ಪಕ್ಕದ ಪದಕ್ಕೆ ಮಾತ್ರ ಯಾಕೆ ಈ ಮಡಿ?

—

ಕಾಫಿಗೆ ನಮ್ಮಲ್ಲಿ ಪದ ಇರಲಿಲ್ಲ, ತಂದೆವು. ಕೊಡುಕೊಳ್ಳುವುದಕ್ಕೆ ಇತ್ತು, ಬಿಸಾಕಿದೆವು. ಎರಡೂ ಒಂದೇನಾ?

—

ನಿಮ್ಮ ‘ನ್ಯಾಯ’ ಆಮೇಲೆ ಆಡಿ. ಪ್ರೀಮಿಯಂ?

—

ಹಾಗೇ ಬಿಟ್ಟರೆ ದುಬಾರಿ ಕಾಫಿ ಅಂದುಕೊಳ್ಳುತ್ತಾರೆ, ಇಲ್ಲ ವಿಮೆ ಕಂತು ಅಂತ. ಇದು ಬೆಲೆಯ ಮೇಲೆ ಪೌಂಡಿಗೆ 20 ಸೆಂಟ್. ಒಬ್ಬೊಬ್ಬರ ಜೇಬಿಗಲ್ಲ, ಸಂಘಕ್ಕೆ ಹೋಗುತ್ತದೆ, ಯಾವುದಕ್ಕೆ ಬಳಸಬೇಕು ಅಂತ ಸದಸ್ಯರೇ ಕೂತು ತೀರ್ಮಾನಿಸುತ್ತಾರೆ. ‘ಸಂಘದ ಪಾಲು’ ಅನ್ನಿ. ಫೇರ್ ಟ್ರೇಡ್‌ಗೆ ‘ತಕ್ಕ ಬೆಲೆ’. ಬರೀ ಅಷ್ಟೇ ಹಾಕಿದರೆ ತಪ್ಪಿಗೆ ತೆರುವ ಬೆಲೆ ಅನಿಸುತ್ತದೆ, ಹಾಗಾಗಿ ‘ಬೆಳೆಗಾರರಿಗೆ ತಕ್ಕ ಬೆಲೆ’. ಯಾರಿಗೆ ಅನ್ನೋದು ಪೊಟ್ಟಣದ ಮೇಲೆ ಇರಲೇಬೇಕು.

—

ಕಳಿಸಿಬಿಟ್ಟೆ. ಜಾಗದಲ್ಲಿ ಹಿಡಿಸಿತು, ಅಕ್ಷರ ಸ್ವಲ್ಪ ಸಣ್ಣದಾಯಿತು ಅಷ್ಟೇ.

—

ನೋಡಿ, ಕೊನೆಗೆ ಎಲ್ಲವೂ ಅಚ್ಚಗನ್ನಡವೇ ಬಂತು!

—

‘-ಗಾರ’ ಎಲ್ಲಿಂದ ಬಂತು ಅಂತ ಒಮ್ಮೆ ನಿಘಂಟು ತೆಗೆಯಿರಿ.