ಎರಡಡಿ ಉಪ್ಪುನೀರಿನ ಟ್ಯಾಂಕ್‌ಗೆ ಯಾವ ಮೀನು, ಯಾವ ಹವಳ?

ಪ್ರಶ್ನೆ (ಬೆಂಗಳೂರು):
ನಮಸ್ಕಾರ ಸರ್. ಗಪ್ಪಿ, ಏಂಜೆಲ್ ಎಲ್ಲಾ ಸಾಕಿ ಅಭ್ಯಾಸ ಇದೆ. ಉಪ್ಪುನೀರು ಮಾತ್ರ ಇದೇ ಮೊದಲು. ಟ್ಯಾಂಕ್ ಎರಡು ಅಡಿ ಉದ್ದ. ಕಲ್ಲು, ಮರಳು ಕಳೆದರೆ 70 ಲೀಟರ್ ನೀರು ಹಿಡಿಯುತ್ತದೆ. ಸೈಕ್ಲಿಂಗ್ (ಮೀನು ಬಿಡುವ ಮೊದಲು ಟ್ಯಾಂಕಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುವುದು) ಮುಗಿದಿದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಅಂಗಡಿಯಲ್ಲಿ ಕೊಟ್ಟ ಪಟ್ಟಿ ಇದು: ಕ್ಲೌನ್ ಫಿಶ್ ಎರಡು, ಬ್ಲೂ ಡ್ಯಾಮ್ಸೆಲ್ ಮೂರು, ಬ್ಲೂ ಟ್ಯಾಂಗ್ ಒಂದು, ಮ್ಯಾಂಡರಿನ್ ಒಂದು, ಅನಿಮೋನ್ (ಕುಟುಕುವ ಎಳೆಗಳಿರುವ, ಹೂವಿನಂತೆ ಕಾಣುವ ಕಡಲ ಜೀವಿ) ಒಂದು. ಹವಳದಲ್ಲಿ ಟಾರ್ಚ್, ಲೆದರ್, ಜೋವಾ. ಇವೆಲ್ಲಾ ಒಟ್ಟಿಗೆ ಇರುತ್ತವಾ? ಮಗಳಿಗೆ ಬ್ಲೂ ಟ್ಯಾಂಗ್ ಬೇಕೇ ಬೇಕಂತೆ.

ಉತ್ತರ:
ಕ್ಲೌನ್ ಮತ್ತು ಜೋವಾ ಇಟ್ಟುಕೊಳ್ಳಿ. ಉಳಿದದ್ದೆಲ್ಲಾ ಈಗ ಬೇಡ.

ಮೊದಲು ಮಗಳ ಮೀನಿನ ವಿಷಯ. ಅಂಗಡಿಯಲ್ಲಿ ಬ್ಲೂ ಟ್ಯಾಂಗ್ ಎರಡು ಇಂಚು ಇರುತ್ತದೆ. ಬೆಳೆದರೆ 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಇಡೀ ದಿನ ಈಜುತ್ತಲೇ ಇರುವ ಮೀನು ಅದು. ಆರಡಿ ಟ್ಯಾಂಕ್ ಬೇಕು. ಸಣ್ಣ ಜಾಗದಲ್ಲಿ ಹೆದರಿ ಹೆದರಿ ಸೊರಗುತ್ತದೆ, ಬಿಳಿ ಚುಕ್ಕೆ ರೋಗವೂ ಅದಕ್ಕೇ ಮೊದಲು ಬರುತ್ತದೆ. ಆ ರೋಗದ ಮದ್ದು ತಾಮ್ರ. ತಾಮ್ರ ಹಾಕಿದರೆ ಸಿಗಡಿ, ಹವಳ ಎರಡೂ ಸಾಯುತ್ತವೆ. ಹಾಗಾಗಿ ಯಾವ ಮೀನು ತಂದರೂ ಬೇರೆ ಸಣ್ಣ ಟ್ಯಾಂಕಲ್ಲಿ ಕೆಲವು ವಾರ ಇಟ್ಟು ನೋಡಿ, ಆಮೇಲೆ ಒಳಗೆ ಬಿಡಿ.

ಡ್ಯಾಮ್ಸೆಲ್ ಕಡಿಮೆ ಬೆಲೆಗೆ ಸಿಗುತ್ತದೆ, ಸುಲಭಕ್ಕೆ ಸಾಯುವುದಿಲ್ಲ. ಅದಕ್ಕೇ ಹೊಸಬರಿಗೆಲ್ಲ ಅದನ್ನೇ ಕೊಡುತ್ತಾರೆ. ಆದರೆ ಜನರಲ್ ಬೋಗಿಯಲ್ಲಿ ಮೊದಲು ಹತ್ತಿ ಸೀಟು ಹಿಡಿದವರ ಥರ ಅದು. ಹಿಂದೆ ಬಂದವರಿಗೆ ಜಾಗ ಬಿಡುವುದಿಲ್ಲ. ಮೂರರಲ್ಲಿ ಕೊನೆಗೆ ಒಂದೇ ಉಳಿದರೂ ಆಶ್ಚರ್ಯ ಇಲ್ಲ.

ಮ್ಯಾಂಡರಿನ್ ಜಗಳಗಂಟ ಅಲ್ಲ, ಪಾಪದ ಮೀನು. ಕಲ್ಲಿನ ಮೇಲೆ ಓಡಾಡುವ ಕೋಪೆಪಾಡ್ ಎಂಬ ಸಣ್ಣ ಜೀವಿಗಳೇ ಅದರ ಊಟ. ಹೊಸ 70 ಲೀಟರ್ ಟ್ಯಾಂಕಲ್ಲಿ ಇರುವ ಅಷ್ಟನ್ನೂ ಬೇಗ ತಿಂದು ಮುಗಿಸುತ್ತದೆ. ಒಣ ಆಹಾರ ಹೆಚ್ಚಿನವು ಮುಟ್ಟುವುದಿಲ್ಲ. ಕಣ್ಣೆದುರೇ ಹೊಟ್ಟೆ ಒಳಗೆ ಹೋಗುತ್ತಾ ಬರುತ್ತದೆ. ನೋಡಲು ಎಷ್ಟು ಚೆಂದ ಇದ್ದರೂ ಹೊಸಬರಿಗೆ ಅದನ್ನು ಮಾರಬಾರದು ಅಂತ ನನ್ನ ಅಭಿಪ್ರಾಯ.

ಬದಲಿಗೆ ಏನು ತರಬಹುದು? ಇಂಥ ಟ್ಯಾಂಕಲ್ಲಿ ಲೀಟರ್ ಲೆಕ್ಕಕ್ಕಿಂತ ಯಾರು ಎಲ್ಲಿ ಇರುತ್ತಾರೆ ಅನ್ನುವ ಲೆಕ್ಕ ಮುಖ್ಯ. ಮರಳಿಗೆ ಒಂದು ಹಳದಿ ವಾಚ್‌ಮನ್ ಗೋಬಿ, ಜೊತೆಗೆ ಪಿಸ್ತೂಲ್ ಸಿಗಡಿ. ಸಿಗಡಿಗೆ ಕಣ್ಣು ಮಂದ. ಅದು ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕೂತು ಕಾಯುತ್ತದೆ. ಸಿಗಡಿ ಹೊರಗೆ ಬಂದಾಗ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲುಗಿಸುತ್ತದೆ, ಇಬ್ಬರೂ ಒಳಗೆ. ಮಗಳು ಬ್ಲೂ ಟ್ಯಾಂಗ್ ಮರೆಯದಿದ್ದರೆ ಕೇಳಿ. ನಡು ನೀರಿಗೆ ಒಂದೇ ಒಂದು ಫೈರ್ ಫಿಶ್. ಅದು ಹೆದರಿದರೆ ಹಾರುತ್ತದೆ, ಮೇಲೆ ಬಲೆ ಮುಚ್ಚಳ ಬೇಕೇ ಬೇಕು. ಆಮೇಲೆ ಕ್ಲೌನ್ ಜೋಡಿ. ನಾಲ್ಕು ಮೀನು ಸಾಕು. ಸಾಧು ಮೀನು ಮೊದಲು, ಕ್ಲೌನ್ ಕೊನೆಗೆ.

ಪ್ರಶ್ನೆ (ಅದೇ ಸದಸ್ಯರು):
ಥ್ಯಾಂಕ್ಸ್ ಸರ್. ಕ್ಲೌನ್‌ಗೆ ಅನಿಮೋನ್ ಇಲ್ಲದಿದ್ದರೆ ನಡೆಯುತ್ತಾ? ಗಂಡು ಹೆಣ್ಣು ಹೇಗೆ ಗುರುತಿಸುವುದು?

ಉತ್ತರ:
ನಡೆಯುತ್ತದೆ. ಸಮುದ್ರದಲ್ಲಿ ದೊಡ್ಡ ಮೀನುಗಳಿಂದ ಬಚಾವಾಗಲು ಅದಕ್ಕೆ ಅನಿಮೋನ್ ಬೇಕು, ನಿಮ್ಮ ಟ್ಯಾಂಕಲ್ಲಿ ಅಂಥವರು ಯಾರೂ ಇಲ್ಲ ಅಲ್ವಾ? ಅನಿಮೋನ್ ನಡೆದಾಡುತ್ತದೆ. ದಾರಿಯಲ್ಲಿ ಸಿಕ್ಕ ಹವಳವನ್ನೆಲ್ಲ ಕುಟುಕುತ್ತದೆ. ನೀರು ಅಲುಗಿಸುವ ವೇವ್ ಮೇಕರ್‌ಗೆ ಸಿಕ್ಕಿ ಚೂರಾದರೆ ಇಡೀ ಟ್ಯಾಂಕ್ ನೀರು ಕೆಡುತ್ತದೆ.

ಗಂಡು ಹೆಣ್ಣು ನೋಡುವ ಕೆಲಸವೇ ಇಲ್ಲ. ಕ್ಲೌನ್ ಎಲ್ಲಾ ಗಂಡಾಗಿಯೇ ಶುರುವಾಗುತ್ತವೆ. ಎರಡು ಸಣ್ಣ ಮರಿ ತನ್ನಿ, ಒಂದು ಸ್ವಲ್ಪ ದೊಡ್ಡದಿರಲಿ. ಮೇಲುಗೈ ಆದದ್ದು ಹೆಣ್ಣಾಗುತ್ತದೆ. ಮೂರನೆಯದನ್ನು ಬಿಡಬೇಡಿ, ಇಬ್ಬರೂ ಸೇರಿ ಹೊಡೆಯುತ್ತಾರೆ. ಹ್ಯಾಚರಿಯಲ್ಲಿ ಬೆಳೆದ ಮರಿ ಕೇಳಿ ತನ್ನಿ. ಪೆಲೆಟ್ ತಿಂದು ಅಭ್ಯಾಸ ಇರುತ್ತದೆ.

ಪ್ರಶ್ನೆ (ಮೈಸೂರು):
ಹವಳಗಳೂ ಜಗಳ ಆಡುತ್ತವೆ ಅಂತಾರೆ, ಹೌದಾ ಸರ್?

ಉತ್ತರ:
ಮೀನಿಗಿಂತ ಜಾಸ್ತಿ. ರಾತ್ರಿ ಟಾರ್ಚ್ ಲೈಟ್ ಹಚ್ಚಿ ನೋಡಿ. ಗ್ಯಾಲಾಕ್ಸಿಯಾ ಅನ್ನುವ ಹವಳ ಗೇಣುದ್ದದ ಕುಟುಕುವ ಎಳೆ ಬಿಟ್ಟು ಪಕ್ಕದವರನ್ನು ಸುಡುತ್ತದೆ. ಎರಡಡಿ ಟ್ಯಾಂಕಲ್ಲಿ ಅದಕ್ಕೆ ಜಾಗ ಎಲ್ಲಿದೆ? ಲೆದರ್ ಮುಟ್ಟದೆಯೇ ಹೊಡೆಯುತ್ತದೆ, ನೀರಿಗೆ ರಾಸಾಯನಿಕ ಬಿಡುತ್ತದೆ. ಇಡಲೇಬೇಕು ಅಂದರೆ ಒಂದೇ ಇಡಿ, ಫಿಲ್ಟರ್‌ನಲ್ಲಿ ಆ ರಾಸಾಯನಿಕ ಹೀರುವ ಕಾರ್ಬನ್ ಹಾಕಿ. ಗ್ರೀನ್ ಸ್ಟಾರ್ ಪಾಲಿಪ್ ಕುಟುಕುವುದಿಲ್ಲ, ಸುಮ್ನೆ ಹಬ್ಬುತ್ತದೆ. ಅದನ್ನು ಬೇರೆ ಕಲ್ಲಿನಲ್ಲಿ, ಮರಳಿನ ನಡುವೆ ಇಡಿ. ಮಶ್ರೂಮ್, ಜೋವಾ ಆರಂಭಕ್ಕೆ ಒಳ್ಳೆಯವು. ಆದರೆ ಜೋವಾ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಮುಟ್ಟುವಾಗ ಗ್ಲೌಸ್, ಕತ್ತರಿಸುವಾಗ ಕನ್ನಡಕವೂ ಬೇಕು. ಜೋವಾ ಇದ್ದ ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ತೊಳೆಯುವ ಸಾಹಸ ಮಾತ್ರ ಬೇಡ. ಆ ಆವಿಯಿಂದ ಆಸ್ಪತ್ರೆ ಸೇರಿದವರಿದ್ದಾರೆ.

ಪ್ರಶ್ನೆ (ಮಂಗಳೂರು):
ನಮಗೆ ಸಮುದ್ರ ಇಲ್ಲೇ ಉಂಟಲ್ಲ. ನೀರು, ಹವಳ ಎಲ್ಲ ಅಲ್ಲಿಂದಲೇ ತಂದರೆ ಆಗ್ಲಿಕ್ಕಿಲ್ವಾ ಸರ್?

ಉತ್ತರ:
ಹವಳ ತಂದರೆ ಜೈಲಿಗೆ ದಾರಿ ಮಾರಾಯ್ರೇ! ಬಂಡೆ ಕಟ್ಟುವ ಗಟ್ಟಿ ಹವಳಗಳು, ಆರ್ಗನ್ ಪೈಪ್, ಫೈರ್ ಕೋರಲ್, ಸೀ ಫ್ಯಾನ್, ಕಡಲ್ಗುದುರೆ ಇವೆಲ್ಲಾ 2001 ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿವೆ. ಹುಲಿ ಇರುವ ಪಟ್ಟಿ ಅದು. ಮುರ್ಡೇಶ್ವರದ ಹತ್ತಿರ ನೇತ್ರಾಣಿಗೆ ಡೈವಿಂಗ್ ಹೋದವರೂ ನೆನಪಿಡಿ, ಸತ್ತ ತುಂಡನ್ನೂ ಎತ್ತಿಕೊಳ್ಳಬೇಡಿ. ಮೊದಲ ಪ್ರಶ್ನೆ ಕೇಳಿದವರ ಪಟ್ಟಿಯಲ್ಲಿದ್ದ ಟಾರ್ಚ್ ಕೂಡ ಗಟ್ಟಿ ಹವಳವೇ. ಎಲ್ಲಿಂದ ಬಂತು ಅನ್ನುವ ದಾಖಲೆ ಇಲ್ಲದೆ ನಾನು ಅದನ್ನು ಮುಟ್ಟುವುದಿಲ್ಲ. ಮಶ್ರೂಮ್, ಜೋವಾ ಆ ಗುಂಪಿನವಲ್ಲ.

ನೀರಿನ ವಿಷಯ ಬೇರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿ ಸೇರುವ ಕಡೆ ಉಪ್ಪು ಪೂರಾ ಇಳಿದಿರುತ್ತದೆ, ಕೆಸರು ಬೇರೆ. ಆರ್‌ಒ ನೀರಿಗೆ ರೀಫ್ ಸಾಲ್ಟ್ (ಹವಳದ ಟ್ಯಾಂಕಿಗೆಂದೇ ಸಿಗುವ ಉಪ್ಪು) ಬೆರೆಸಿ, ಸಾಂದ್ರತೆ 1.025 ಕ್ಕೆ ನಿಲ್ಲಿಸುವುದೇ ವಾಸಿ.

ಪ್ರತಿಕ್ರಿಯೆ (ಹುಬ್ಬಳ್ಳಿ):
ಸರ್, ನಮ್ಮನ್ಯಾಗ ಡ್ಯಾಮ್ಸೆಲ್, ಕ್ಲೌನ್ ಆರಾಮ ಅದಾವ. ಏನೂ ಜಗಳ ಇಲ್ಲ.

ಉತ್ತರ:
ಟ್ಯಾಂಕ್ ಎಷ್ಟು ದೊಡ್ಡದು ಹೇಳ್ರಿ?

ಪ್ರತಿಕ್ರಿಯೆ (ಹುಬ್ಬಳ್ಳಿ):
ನಾಲ್ಕು ಅಡಿ ರೀ.

ಉತ್ತರ:
ಹಾಗಾದ್ರೆ ಸರಿ. ಓಡಿ ಹೋಗಲು ಜಾಗ ಇದೆ. ಎರಡಡಿಯಲ್ಲಿ ಏಟು ತಿಂದ ಮೀನು ಎಲ್ಲಿಗೆ ಓಡಬೇಕು?

ಪ್ರಶ್ನೆ (ಬೆಂಗಳೂರು):
ಸರ್, ಗೋಬಿ ಮತ್ತು ಸಿಗಡಿ ವಿಡಿಯೋ ತೋರಿಸಿದೆ, ಮಗಳು ಒಪ್ಪಿದಳು! ಈಗ ಅವೆರಡನ್ನು ತರಲಾ?

ಉತ್ತರ:
ಕಲ್ಲು ಮರಳಿನ ಮೇಲೆ ನಿಂತಿದೆಯಾ, ಗಾಜಿನ ಮೇಲಾ? ಮರಳಿನ ಮೇಲಿದ್ದರೆ ಮೊದಲು ಮರಳು ಸರಿಸಿ ಕಲ್ಲನ್ನು ತಳದ ಗಾಜಿಗೇ ತಾಗುವಂತೆ ಕೂರಿಸಿ. ಇಲ್ಲದಿದ್ದರೆ ಸಿಗಡಿ ಅಡಿಯಿಂದ ತೋಡಿ ಕಲ್ಲು ಉರುಳಿಸುತ್ತದೆ. ಅದಾದ ಮೇಲೆ ತನ್ನಿ. ಮುಂದಿನ ಮೀನಿಗೆ ಮೂರು ವಾರ ಬಿಡಿ. ಹವಳ ಇನ್ನೂ ಆಮೇಲೆ, ನೈಟ್ರೇಟ್ 5 ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ ನಿಂತ ಮೇಲೆ.