ಅಪ್‌ಡೇಟ್: ಲಾಫ್ಟ್ ಅಪಾರ್ಟ್‌ಮೆಂಟ್ ಮಾರಾಟವಾಯಿತು

ನಗರದ ಮಾರುಕಟ್ಟೆ ಮಂದವಾಗಿರುವಾಗ ನನ್ನ ಲಾಫ್ಟ್ ಅಪಾರ್ಟ್‌ಮೆಂಟಿಗೆ (ಎತ್ತರದ ಚಾವಣಿಯಡಿ ಒಳಗೋಡೆಗಳು ಕಡಿಮೆಯಿರುವ, ಅಟ್ಟವುಳ್ಳ ತೆರೆದ ಮನೆ) ಬೆಲೆ ನಿಗದಿಪಡಿಸುವುದು ಹೇಗೆಂದು ಕೇಳಿದ್ದೆ. ಮನೆ ಈಗ ಮಾರಾಟವಾಗಿದೆ. ಚದರಡಿ ದರವನ್ನು ಸುತ್ತಲಿನ ಸಾಮಾನ್ಯ ಫ್ಲ್ಯಾಟ್‌ಗಳಿಗೆ ಹೋಲಿಸದೆ, ಇತ್ತೀಚೆಗೆ ನೋಂದಣಿಯಾದ ಲಾಫ್ಟ್‌ಗಳ ನೈಜ ಮಾರಾಟ ಬೆಲೆಗೇ ಹೋಲಿಸಬೇಕೆಂಬ ಸಲಹೆ ನಿರ್ಣಾಯಕವಾಯಿತು. ಅಟ್ಟದಲ್ಲಿ ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಾದ ಭಾಗವನ್ನು ಬ್ಯಾಂಕಿನ ಮೌಲ್ಯಮಾಪಕರು ಸಾಮಾನ್ಯವಾಗಿ ಪೂರ್ಣ ವಿಸ್ತೀರ್ಣವೆಂದು ಪರಿಗಣಿಸುವುದಿಲ್ಲವಾದ್ದರಿಂದ, ಅದನ್ನು ಬಿಟ್ಟೇ ಲೆಕ್ಕಹಾಕಿ ಬೆಲೆ ಹೇಳಿದ್ದು, ಸಾಲ ಮಂಜೂರಾತಿಯ ಹಂತದಲ್ಲಿ ವ್ಯವಹಾರ ಮುರಿದುಬೀಳದಂತೆ ಕಾಯಿತು. ಎತ್ತರದ ಚಾವಣಿಯನ್ನು ಮೆಚ್ಚಿದವರಲ್ಲಿಯೇ ಹಲವರು ಮಲಗುವ ಜಾಗಕ್ಕೆ ಬಾಗಿಲಿಲ್ಲವೆಂದು ಹಿಂದೆ ಸರಿದರು. ಬೆಲೆ ಇಳಿಸಿದರೆ ಬಗೆಹರಿಯುವ ಆಕ್ಷೇಪ ಅದಲ್ಲ ಎಂಬುದು ನನ್ನ ಅಭಿಪ್ರಾಯ. ಕೊನೆಗೆ ಕೊಂಡವರು ಮನೆಯಿಂದಲೇ ಕೆಲಸ ಮಾಡುವ ದಂಪತಿಗಳು; ಬೆಲೆಯನ್ನು ಮತ್ತಷ್ಟು ತಗ್ಗಿಸುವ ಬದಲು ಕೆಲವು ತಿಂಗಳ ನಿರ್ವಹಣಾ ಶುಲ್ಕವನ್ನು ನಾನೇ ಭರಿಸಲು ಒಪ್ಪಿಕೊಂಡೆ.