ಅಂಗಡಿಯಲ್ಲಿ ಮಗ ನೆಲಕ್ಕೆ ಬಿದ್ದು ಕೂಗುವಾಗ ಜನರಿಗೆ ಏನು ಹೇಳುತ್ತೀರಿ?

ಇಬ್ಬರ ಅಮ್ಮ:
ಮಗನಿಗೆ 8 ವರ್ಷ, ಆಟಿಸಂ ಇದೆ. ಮಾತು ಕಡಿಮೆ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಮಗಳಿಗೆ 5, ಡೌನ್ ಸಿಂಡ್ರೋಮ್. ಕಂಡವರಿಗೆಲ್ಲ ಕೈ ಬೀಸುವ ಹುಡುಗಿ. ಶನಿವಾರ ಇಬ್ಬರಿಗೂ ಶೂ ಕೊಳ್ಳಬೇಕಿತ್ತು. ಬೇರೆ ಸಾಮಾನಾದರೆ ನಾನೊಬ್ಬಳೇ ಹೋಗಿ ತರುತ್ತೇನೆ. ಶೂ ಹಾಗಲ್ಲ. ಮಗಳ ಪಾದ ಗಿಡ್ಡ, ಅಗಲ ಜಾಸ್ತಿ. ಹಾಕಿ ನೋಡದೆ ಆಗುವುದಿಲ್ಲ.

ಮೊದಲ 20 ನಿಮಿಷ ಚೆನ್ನಾಗಿಯೇ ಇತ್ತು. ಮಗ ಬೆಲ್ಟ್‌ಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾ ನಿಂತಿದ್ದ. ಬಿಲ್ಲಿಂಗ್ ಸಾಲಿಗೆ ಬಂದೆವು. ಮೈಕಿನಲ್ಲಿ ಯಾರೋ ಜೋರಾಗಿ ಏನೋ ಹೇಳಿದರು. ಮಗ ಕಿವಿ ಮುಚ್ಚಿಕೊಂಡ. ಪಕ್ಕದಲ್ಲಿ ಮೆಷಿನ್ ಬೀಪ್ ಬೀಪ್ ಅನ್ನುತ್ತಲೇ ಇತ್ತು. ನೆಲಕ್ಕೆ ಬಿದ್ದ, ಕೂಗಿದ, ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡ. ತಲೆ ನೆಲಕ್ಕೆ ಬಡಿಯದ ಹಾಗೆ ನನ್ನ ಅಂಗೈ ಕೆಳಗಿಟ್ಟು ಅಲ್ಲೇ ಕೂತೆ.

ಹಿಂದಿದ್ದವರು "ಇಷ್ಟು ದೊಡ್ಡ ಹುಡುಗ, ಎರಡು ಬಿಟ್ಟರೆ ಸರಿಹೋಗ್ತಾನೆ" ಅಂದರು. ಇನ್ನೊಬ್ಬರು ಮಗಳ ಮುಖ ನೋಡಿ "ಅಯ್ಯೋ ಪಾಪ, ಎರಡೂ ಹೀಗೇನಾ?" ಅಂದರು. 'ಇಬ್ಬರೂ' ಅಲ್ಲ, 'ಎರಡೂ'. ಸಾಮಾನು ಎಣಿಸಿದ ಹಾಗೆ.

ಅದಕ್ಕಿಂತ ನನ್ನ ಮಾತೇ ನನಗೆ ಜಾಸ್ತಿ ಚುಚ್ಚುತ್ತಿದೆ. "ಅವನಿಗೆ ಹುಷಾರಿಲ್ಲ, ತಪ್ಪು ತಿಳ್ಕೋಬೇಡಿ" ಅಂದುಬಿಟ್ಟೆ. ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುವುದು ಅವನ ಅಭ್ಯಾಸ. ರಾತ್ರಿ ಮಲಗುವಾಗ ಅದೇ ಮಾತು, ನನ್ನದೇ ರಾಗದಲ್ಲಿ, ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ.

ಸುಮ್ಮನಿರಬೇಕಾ? ಹೇಳುವುದಾದರೆ, ಅವನ ಎದುರಿಗೆ ಏನಂತ ಹೇಳಲಿ?

17ರ ಮಗಳ ಅಪ್ಪ:
ಅಮ್ಮಾ, ಅದು ಹಠ ಅಲ್ಲ, ಮೆಲ್ಟ್‌ಡೌನ್. ಹಠ ಮಾಡುವ ಮಗು ನಡುನಡುವೆ ನಮ್ಮ ಮುಖ ನೋಡುತ್ತದೆ, ಬೇಕಾದ್ದು ಸಿಕ್ಕರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಇಲ್ಲಿ ಮಗುವಿಗೆ ಏನೂ ಬೇಕಾಗಿಲ್ಲ, ತಡೆಯಲಾಗುತ್ತಿಲ್ಲ ಅಷ್ಟೆ. ಆಗ ಹೊಡೆದರೆ ಇನ್ನೊಂದು ನೋವು ಸೇರಿಸಿದಂತೆ.

ನಾವು ಒಂದೇ ಮಾತು ಇಟ್ಟುಕೊಂಡಿದ್ದೇವೆ: "ಇವಳಿಗೆ ಸದ್ದು ಜಾಸ್ತಿಯಾಗಿದೆ, ಸ್ವಲ್ಪ ಜಾಗ ಬಿಡಿ." ಕಾಯಿಲೆಯ ಹೆಸರಿಲ್ಲ, ಕ್ಷಮೆ ಕೇಳುವುದಿಲ್ಲ. ಕೇಳಿದವರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ, ಹಿಂದೆ ಸರಿಯುತ್ತಾರೆ. ಮಗಳು ಕೇಳಿಸಿಕೊಂಡರೂ ಅದು ನಿಜವಾದ ಮಾತೇ ತಾನೆ. ಮನೆಯಲ್ಲಿ ಬಾಯಿಪಾಠ ಮಾಡಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಹೊಸ ಮಾತು ಬಾಯಿಗೆ ಬರುವುದಿಲ್ಲ.

ಶೂಗೆ: ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ. ಅದನ್ನು ಶೂ ಒಳಗೆ ಇಟ್ಟು ನೋಡಿ. ಬೆರಳ ಮುಂದೆ ಸ್ವಲ್ಪ ಜಾಗ ಇರಲಿ.

ಕೌಂಟರಿನಲ್ಲಿ ಕೂರುವವಳು:
ನಾನು ಬಿಲ್ಲಿಂಗ್ ಕೆಲಸದವಳು. ದಯವಿಟ್ಟು ನಮ್ಮನ್ನು ಕೇಳಿ. "ಇವನನ್ನು ಹೊರಗೆ ಕೂರಿಸುತ್ತೇನೆ, ಬಿಲ್ ಅಲ್ಲಿಗೇ ತರುತ್ತೀರಾ?" ಅಂದರೆ ನಾನಂತೂ ಎದ್ದು ಬರುತ್ತೇನೆ. ಕೇಳದೆ ಬಂದರೆ ನಿಮಗೆ ಬೇಜಾರಾಗುತ್ತದೇನೋ ಅಂತ ಎಷ್ಟೋ ಸಲ ಸುಮ್ಮನೆ ಕೂತಿದ್ದೇನೆ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಗದ್ದಲ ಕಡಿಮೆ. ಕೆಲವು ದೇಶಗಳಲ್ಲಿ ದೀಪ ಮಂಕು ಮಾಡಿ, ಹಾಡು, ಮೈಕು ನಿಲ್ಲಿಸಿ ಇಂಥ ಮಕ್ಕಳಿಗಾಗಿಯೇ ಒಂದು ಗಂಟೆ ಇಡುತ್ತಾರೆ.

ಸೂರ್ಯಕಾಂತಿ ಹೂವಿನ ಹಸಿರು ಕೊರಳ ಪಟ್ಟಿಯೂ ಇದೆ. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾಯಿತು. ಕಣ್ಣಿಗೆ ಕಾಣದ ತೊಂದರೆ ಇದೆ, ಸ್ವಲ್ಪ ಸಹಾಯ ಬೇಕಾಗಬಹುದು ಅಂತ ಅದರ ಅರ್ಥ.

ಬೆಳಕು ಕಡಿಮೆ ಮಾಡಿ:
ನನಗೆ 26, ನನಗೂ ಆಟಿಸಂ. ಪಟ್ಟಿ ಕೆಲವರಿಗೆ ಒಳ್ಳೆಯದು, ನನಗೆ ಇಷ್ಟವಿಲ್ಲ. ನಿಮ್ಮ ಮಗನನ್ನು ಕೇಳಿ, ಅಮ್ಮ ನಿರ್ಧಾರ ಮಾಡುವುದು ಬೇಡ.

ಇನ್ನೊಂದು ಮಾತು. ಬೆಲ್ಟ್ ಜೋಡಿಸುತ್ತಾ ಚೆನ್ನಾಗಿದ್ದ ಅಂದಿರಿ. ನನಗಾದರೆ ಅದು ಆಗಲೇ ತಡೆದುಕೊಳ್ಳುತ್ತಿರುವ ಲಕ್ಷಣ. ಟ್ಯೂಬ್‌ಲೈಟಿನ ಗುಂಯ್ ಸದ್ದು ನಿಮಗೆ ಕೇಳುವುದಿಲ್ಲ, ನನಗೆ ಕೇಳುತ್ತಲೇ ಇರುತ್ತದೆ. ಅವನು ಜೋಡಿಸಲು ಶುರು ಮಾಡಿದಾಗಲೇ 5 ನಿಮಿಷ ಹೊರಗೆ ಕರೆದುಕೊಂಡು ಹೋಗಿ ನೋಡಿ. ಬಿದ್ದ ಮೇಲೆ ಮಾತಾಡಿಸಬೇಡಿ. ಅಂಗೈ ಇಟ್ಟು ಕೂತಿರಲ್ಲ, ಅದು ಸರಿಯಾಗಿತ್ತು.

ಇಬ್ಬರ ಅಮ್ಮ:
ಬೆಲ್ಟಿನ ವಿಷಯ ಓದಿ ಬಹಳ ಹೊತ್ತು ಕೂತೆ. 8 ವರ್ಷದಿಂದ ಅದನ್ನು 'ಖುಷಿಯಾಗಿದ್ದಾನೆ' ಅಂದುಕೊಂಡಿದ್ದೆ. ಕೆಲವು ಸಲ ಖುಷಿಯೇ ಇದ್ದಿರಬಹುದು. ಇನ್ನು ಸುತ್ತಲಿನ ಸದ್ದನ್ನೂ ಗಮನಿಸುತ್ತೇನೆ.

ಆ 'ಎರಡೂ' ಅಂದವರಿಗೆ ಮಗಳು ಕೈ ಬೀಸಿದ್ದಳು. ಬರೆಯಲು ಮರೆತಿದ್ದೆ.

ನಿನ್ನೆ ರಾತ್ರಿ "ಸದ್ದು ಜಾಸ್ತಿಯಾಗಿದೆ, ಸ್ವಲ್ಪ ಜಾಗ ಬಿಡಿ" ಅಂತ ನಾನು ಜೋರಾಗಿಯೇ ಅಭ್ಯಾಸ ಮಾಡಿದೆ. ಅವನು ಹಾಳೆಯ ಮೇಲೆ ನಿಂತಿದ್ದ. ಪೆನ್ಸಿಲ್ ಕಚಗುಳಿಯಿಟ್ಟಿತು, ನಕ್ಕ. ಆಮೇಲೆ ತಂಗಿಯ ಕೈ ಹಿಡಿದು ತಂದು ಅವಳನ್ನೂ ಹಾಳೆಯ ಮೇಲೆ ನಿಲ್ಲಿಸಿದ.